ಮುಚ್ಚಳದ ಮೇಲೆ ಬರೆದ ಹೆಸರು

ನಂಬುವುದಾದರೆ ನಂಬಿ, ಇಲ್ಲವಾದರೆ ಬಿಡಿ. ಇದು ರಾಣೇಬೆನ್ನೂರಿನ ನಮ್ಮ ಪ್ರಯೋಗಾಲಯದಲ್ಲಿ ನನ್ನ ಕಣ್ಣೆದುರೇ ನಡೆದದ್ದು.

ಮನುಷ್ಯನ ಮೂಳೆಮಜ್ಜೆಯ ಜೀವಕೋಶಗಳನ್ನು ಉಗುರಿನಷ್ಟು ಅಗಲದ ತಟ್ಟೆಯಲ್ಲಿ ಬೆಳೆಸುವುದು ನನ್ನ ಕೆಲಸ. ಅವು ಮಜ್ಜೆಯಂತೆಯೇ ರಕ್ತಕಣ ತಯಾರಿಸಿದರೆ ರೋಗಿಗೆ ಕೊಡುವ ಔಷಧಿಯನ್ನು ಮೊದಲು ಅವುಗಳ ಮೇಲೆ ಪರೀಕ್ಷಿಸಬಹುದು. ಈ ಸಲದ ರೋಗಿ ನೀಲವ್ವ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಅವಳ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸುತ್ತಿತ್ತು.

ಅವಳಿಂದ ಸೂಜಿಯಲ್ಲಿ ತೆಗೆದ ಮಜ್ಜೆಯ ಎರಡು ತಟ್ಟೆ ಸತ್ತಿದ್ದವು. ಉಳಿದದ್ದು ಒಂದೇ. "ಇನ್ನೊಮ್ಮೆ ಸೂಜಿ ಚುಚ್ಚಿಸ್ಕೊಳ್ಳಂಗಿಲ್ರಿ," ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು.

ತಟ್ಟೆಗೆ ಸಂಖ್ಯೆ ಮಾತ್ರ ಹಾಕಬೇಕೆಂಬುದು ನಿಯಮ. ಸಂಖ್ಯೆಯನ್ನು ಬೈಯಲು ಬರುತ್ತದೆಯೇ? ಮುಚ್ಚಳದ ಮೇಲೆ 'ನೀಲವ್ವ' ಎಂದೇ ಬರೆದಿದ್ದೆ.

ಆ ರಾತ್ರಿ ಕರೆಂಟು ಹೋಯಿತು. ಜನರೇಟರ್ ಕೆಮ್ಮಿ ಸುಮ್ಮನಾಯಿತು. ಕಾವಲುಗಾರ ಬಸಣ್ಣ ಟಾರ್ಚ್ ಹಿಡಿದು ನಿಂತಿದ್ದ. ತಟ್ಟೆಯಿದ್ದ ಬೆಚ್ಚನೆಯ ಪೆಟ್ಟಿಗೆ ತಣ್ಣಗಾಗುತ್ತಿತ್ತು. ತಿಂಗಳುಗಟ್ಟಲೆ ಪಟ್ಟ ಪಾಡು ಮಣ್ಣುಪಾಲು! ತಲೆ ಕೆಟ್ಟು ಕಿರುಚಿದೆ:

"ಏ ನೀಲವ್ವಾ, ಎಷ್ಟು ಸಲ ಕೈ ಕೊಡ್ತಿ? ಸಾಯೂದಿದ್ರ ಲಗೂ ಸಾಯಿ ಅತ್ಲಾಗ!"

ಆಗ... ಟಕ್... ಟಕ್... ಒಣಗಿದ ತೊಟ್ಟು ಮುರಿಯುವ ಸದ್ದು. ಹಿಂದೆಯೇ ಮೂಗಿಗೆ ಮೆಣಸಿನಕಾಯಿ ಘಾಟು ಬಡಿಯಿತು. ಬಸಣ್ಣ ಸೀನಿದ.

"ಸರ, ಈ ಘಾಟು ಎಲ್ಲಿಂದ ಬಂತ್ರಿ?"

ನಾನು ಪೆಟ್ಟಿಗೆಗೆ ಕಿವಿಗೊಟ್ಟೆ. ಕರೆಂಟು ಬರುವವರೆಗೂ ಸದ್ದು ನಿಲ್ಲಲಿಲ್ಲ.

ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳೆಲ್ಲ ಬದುಕಿದ್ದವು! ಖುಷಿಯಿಂದ ನೀಲವ್ವನಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು:

"ಸರ, ರಾತ್ರಿ ಹಂಗ್ಯಾಕ ಬೈದ್ರಿ?"

"ನಾ... ಏನಂದೆ?"

"ಲಗೂ ಸಾಯಿ ಅಂದ್ರಿ. ಒಮ್ಮಿಂದೊಮ್ಮೆಲೆ ಮೈಯೆಲ್ಲಾ ಥಂಡಿ ಆತ್ರಿ. ಮಲಗಿದ್ರ ಏಳಂಗಿಲ್ಲ ಅನಿಸ್ತು. ಅದಕ್ಕ ಬೆಳತನಾ ಮೆಣಸಿನಕಾಯಿ ತೊಟ್ಟು ಬಿಡಿಸ್ಕೋತ ಕುಂತೆ. ಸತ್ತಿಲ್ಲ ನೋಡ್ರಿ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅವಳು ನಮ್ಮ ಪ್ರಯೋಗಾಲಯವನ್ನು ಒಮ್ಮೆಯೂ ನೋಡಿದವಳಲ್ಲ. ಮುಚ್ಚಳದ ಮೇಲಿನ ಹೆಸರಿನ ಸಂಗತಿ ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹೆಸರನ್ನು ಸ್ಪಿರಿಟ್ ಹಚ್ಚಿ ಒರೆಸಿ ಸಂಖ್ಯೆ ಬರೆದೆ. ಆದರೆ ಅಂದೇ ಔಷಧಿ ಹಾಕಬೇಕಿತ್ತು. ಅದು ಬಲು ಕಡುವಾದದ್ದು, ತಟ್ಟೆಯ ಜೀವಕೋಶಗಳು ತಾಳಿಕೊಂಡರೆ ಮಾತ್ರ ನೀಲವ್ವನಿಗೆ ಕೊಡುವಂಥದ್ದು. ಹನಿ ಬಿಡುವ ಮುನ್ನ ತಟ್ಟೆಯ ಕಡೆ ಬಾಗಿದೆ.

"ಸ್ವಲ್ಪ ಉರೀತೈತಿ, ನೀಲವ್ವಾ," ಎಂದೆ.

ಇವತ್ತಿಗೂ ಹೇಳದೆ ಔಷಧಿ ಹಾಕುವ ಧೈರ್ಯ ನನಗಿಲ್ಲ...