ಶಾಂಭವಿ ಒತ್ತಿದ ಬಟನ್

ಮಾಗಡಿ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಶಾಂಭವಿಗೆ ಕೋಪ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವಳ ಮುಖ ನೋಡಬೇಕಾಗಿಲ್ಲ, ಪ್ರಿಂಟರಿನ ಸದ್ದು ಕೇಳಿದರೆ ಸಾಕು. ಕೋಪ ಬಂದಾಗ ಅವಳು ಕಾಗದದ ಟ್ರೇ ಮುಚ್ಚುವುದಿಲ್ಲ, ಬಡಿಯುತ್ತಾಳೆ. ಹೋದ ವರ್ಷ ಆಷಾಢದಿಂದ ದೀಪಾವಳಿಯೊಳಗೆ ಆ ಟ್ರೇ ಎರಡು ಸಲ ರಿಪೇರಿಗೆ ಹೋಯಿತು. ಪಹಣಿ ತೆಗೆಯುವ ಸರ್ವರ್ ಕೈಕೊಟ್ಟಿದ್ದಕ್ಕಲ್ಲ, ಸರದಿ ಮುರಿದು ನುಗ್ಗುವವರ ಮೇಲಿನ ಸಿಟ್ಟಿಗೂ ಅಲ್ಲ. ತಾರ್ವೆನ್ ಎಂಬ ಒಂದು ಆಟಕ್ಕೆ.

ಅದು ಕಂಪ್ಯೂಟರಿನ ಆಟ. ಕಾಡು, ಕೋಟೆ, ದ್ವೀಪಗಳಿರುವ ಒಂದು ಕಲ್ಪನೆಯ ನಾಡು. ಎಲ್ಲೆಲ್ಲಿಯದೋ ಊರಿನ ಸಾವಿರಾರು ಜನ ಒಂದೇ ಹೊತ್ತಿಗೆ ಅದರೊಳಗೆ ಯೋಧನಾಗಿಯೋ ಬೇಟೆಗಾರನಾಗಿಯೋ ವೇಷ ತೊಟ್ಟು ಓಡಾಡುತ್ತಾರೆ. ಶಾಂಭವಿ ಅಲ್ಲಿ ಗಾಯ ವಾಸಿ ಮಾಡುವ ವೈದ್ಯೆ, ಹೆಸರು ‘ಮದ್ದಿನಕ್ಕ’. 2007ರಲ್ಲಿ ಅವಳಿಗೆ ಹದಿನೇಳು. ಈಗ ಜೆರಾಕ್ಸ್ ಮಿಷನ್ ಇರುವ ಜಾಗದಲ್ಲೇ ಅವಳಪ್ಪ ಬಸವಲಿಂಗಯ್ಯ ಆರು ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ನಡೆಸುತ್ತಿದ್ದರು. ಅಪ್ಪ ಊಟಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳಲು ಕೂತವಳು ಆಟಕ್ಕೆ ಇಳಿದಳು, ಮತ್ತೆ ಮೇಲೇಳಲಿಲ್ಲ. ಕೂಟಗಲ್ಲಿನಿಂದ ಮಾಗಡಿಗೆ ಐಟಿಐ ಓದಲು ಬರುತ್ತಿದ್ದ ಮಹೇಂದ್ರ ಎಂಬ ಹುಡುಗ ಪಕ್ಕದ ಕಂಪ್ಯೂಟರಿನಲ್ಲಿ ಕೂತು ಅವಳಿಂದಲೇ ಕಲಿತ. ಎರಡು ವರ್ಷಕ್ಕೆ ಚಿಕ್ಕವನು. ಅವತ್ತಿನಿಂದ ಅವಳನ್ನು ಅಕ್ಕ ಎಂದೇ ಕರೆದ.

ಆಗಿನ ತಾರ್ವೆನ್ ಯಾರನ್ನೂ ಮುದ್ದು ಮಾಡುತ್ತಿರಲಿಲ್ಲ. ದಾರಿ ತೋರಿಸುವ ಬಾಣದ ಗುರುತಿಲ್ಲ. ಒಬ್ಬ ಮುದುಕ ಸಿಕ್ಕಿ, ‘ಮುರಿದ ಗೋಪುರದಿಂದ ಹಳ್ಳದ ಗುಂಟ ನಡಿ, ಮೂರನೇ ಬಂಡೆ ಹತ್ತಿರ ಕೇಳು’ ಎನ್ನುತ್ತಿದ್ದ, ಅಷ್ಟೇ. ಹುಡುಕಿಕೊಳ್ಳುವುದು ನಿಮ್ಮ ಪಾಡು. ಸತ್ತರೆ ಸತ್ತ ಜಾಗಕ್ಕೆ ನಡೆದು ಹೋಗಿ ಸಾಮಾನು ಎತ್ತಿಕೊಳ್ಳಬೇಕು, ಗಾಯವಾದರೆ ವೈದ್ಯರನ್ನು ಹುಡುಕಿ ಕರೆಯಬೇಕು. ಮೋಸ ಮಾಡಿದವನ ಹೆಸರು ವಾರದೊಳಗೆ ನಾಡಿಗೆಲ್ಲ ಗೊತ್ತಾಗಿ, ಅವನನ್ನು ಯಾರೂ ಜೊತೆಗೆ ಸೇರಿಸುತ್ತಿರಲಿಲ್ಲ. ದ್ವೀಪಕ್ಕೆ ಹೋಗಬೇಕೆಂದರೆ ದೋಣಿಕಟ್ಟೆಯಲ್ಲಿ ಹನ್ನೊಂದು ನಿಮಿಷ ಕಾಯಬೇಕಿತ್ತು. ಕಾಯುವವರು ಏನು ಮಾಡುತ್ತಾರೆ? ಮಾತಾಡುತ್ತಾರೆ. ಹಾಗೆ ಮಾತಾಡುತ್ತಲೇ ಶಾಂಭವಿಗೂ ಮಹೇಂದ್ರನಿಗೂ ಜಾರಾ ಸಿಕ್ಕಿದ್ದು. ಆಟದೊಳಗೆ ಬೇರೆ ಹೆಸರಿಟ್ಟುಕೊಂಡು, ಕಬ್ಬಿಣದ ಗುರಾಣಿ ಹಿಡಿದು ದೈತ್ಯರ ಎದುರು ಮೊದಲು ನಿಲ್ಲುತ್ತಿದ್ದ ಆ ಆಟಗಾರ ಮೀಸೆ ಹೊತ್ತ ಗಂಡಸೇ ಇರಬೇಕು ಎಂದು ಎಲ್ಲರೂ ನಂಬಿದ್ದರು. ಚನ್ನಪಟ್ಟಣದಲ್ಲಿ ಪಿಯುಸಿ ಓದುವ ಹುಡುಗಿ ಎಂದು ತಿಳಿದದ್ದು ನಾಲ್ಕು ತಿಂಗಳ ಮೇಲೆ. ಶಾಂಭವಿಯ ಮದುವೆಯಲ್ಲಿ ಜಾರಾ ಎರಡು ದಿನ ಓಡಾಡಿದಳು. ಜಾರಾಳ ಮಗಳು ಸಾನಾ ಹುಟ್ಟಿದಾಗ ಶಾಂಭವಿ ಕುಲಾವಿ ಹೊಲಿದುಕೊಂಡು ಹೋದಳು.

2021ರಲ್ಲಿ ಮಹೇಂದ್ರನ ಬಲಗೈ ರಾಗಿ ಒಕ್ಕಣೆ ಮಿಷನ್ನಿನ ಬೆಲ್ಟಿಗೆ ಸಿಕ್ಕಿತು. ಮೂರು ಬೆರಳು ಹೋದವು. ಶಾಂಭವಿ ಆಸ್ಪತ್ರೆಗೆ ಹೋಗಿ ನೋಡಿದಳು, ಧೈರ್ಯ ಹೇಳಿದಳು. ಹತ್ತು ಬೆರಳೂ ಕೇಳುವ ಆ ಆಟಕ್ಕೆ ಅವನು ಮತ್ತೆ ಬರಲಿಲ್ಲ. ಮೊದಮೊದಲು ಫೋನಾದರೂ ಇತ್ತು, ಆಮೇಲೆ ಹಬ್ಬಕ್ಕೊಂದು ಮೆಸೇಜಿಗೆ ಇಳಿಯಿತು.

ಹೋದ ವರ್ಷ ಕಂಪನಿಯವರು ಹಳೆಯ ಆಟ ಮುಚ್ಚಿ ಹೊಸದನ್ನು ಬಿಟ್ಟರು. ‘ತಾರ್ವೆನ್, ಹೊಸ ಯುಗ’. ಫೋನಿನಲ್ಲೂ ಆಡಬಹುದು. ಭಾನುವಾರ ಮಧ್ಯಾಹ್ನ ಶಾಂಭವಿ ಅಂಗಡಿಯ ಶಟರ್ ಅರ್ಧ ಇಳಿಸಿ ಆಸೆಯಿಂದ ಕೂತಳು. ಒಂದು ಗಂಟೆಯೊಳಗೆ ಅವಳ ಕಿವಿ ಬಿಸಿಯಾಯಿತು.

ನೆಲದ ಮೇಲೆ ಹೊಳೆಯುವ ಹಳದಿ ಗೆರೆ. ಒಂದು ಗುಂಡಿ ಒತ್ತಿದರೆ ಅವಳ ಮದ್ದಿನಕ್ಕ ತಾನೇ ಆ ಗೆರೆಯ ಮೇಲೆ ಓಡುತ್ತಾಳೆ. ಇನ್ನೊಂದು ಒತ್ತಿದರೆ ತಾನೇ ಹೊಡೆಯುತ್ತಾಳೆ. ಮುದುಕ ಬಾಯಿ ತೆರೆಯುವ ಮುಂಚೆಯೇ ಮಾತು ದಾಟಿಸುವ ಬಟನ್ ಮೂಲೆಯಲ್ಲಿ ಮಿಣಮಿಣ ಎನ್ನುತ್ತದೆ. ದೋಣಿಯಿಲ್ಲ; ನಕ್ಷೆಯ ಮೇಲೆ ಬೆರಳಿಟ್ಟರೆ ದ್ವೀಪ. ಜೊತೆಗಾರರನ್ನು ಹುಡುಕುವ ಗೊಡವೆಯೂ ಇಲ್ಲ, ಯಾರೋ ನಾಲ್ವರು ಅಪರಿಚಿತರ ಜೊತೆ ಮಿಷನ್ನೇ ಕಟ್ಟಿಹಾಕುತ್ತದೆ. ಹತ್ತು ನಿಮಿಷ ಹೊಡೆದಾಟ, ಒಂದು ಮಾತಿಲ್ಲ, ಪೆಟ್ಟಿಗೆ ತೆರೆ, ಮಾಯ. ಐವರಲ್ಲಿ ಒಬ್ಬ ನಿಧಾನವಾದರೆ ಉಳಿದವರು ವೋಟು ಹಾಕಿ ಅವನನ್ನು ಆಚೆ ದಬ್ಬಬಹುದು. ಅದಕ್ಕೂ ಒಂದು ಬಟನ್, ಕೆಂಪು ಬಣ್ಣದ್ದು.

“ಇದು ಆಟನಾ? ಮನೇಲಿ ವಾಷಿಂಗ್ ಮಿಷನ್ ಹಾಕಿ ನೋಡ್ತಾ ಕೂತ್ಕೊಂಡಂಗೈತೆ,” ಎಂದು ಜಾರಾಳಿಗೆ ಫೋನಿನಲ್ಲಿ ಕೂಗಿದಳು.

“ನಂಗೇನೋ ಪರವಾಗಿಲ್ಲ ಅನ್ನಿಸ್ತು,” ಎಂದಳು ಜಾರಾ. “ಸಾನಾ ಟ್ಯೂಷನ್ನಿಂದ ಬರೋದ್ರೊಳಗೆ ಒಂದಾಟ ಮುಗೀತದೆ.”

ಶಾಂಭವಿ ಫೋನಿಟ್ಟಳು. ಹದಿನೆಂಟು ವರ್ಷದ ಸ್ನೇಹದಲ್ಲಿ ಮಾತು ಮುಗಿಸದೆ ಫೋನಿಟ್ಟದ್ದು ಅದೇ ಮೊದಲು.

ಕೋಪ ದಿನದಿನಕ್ಕೆ ಬಲಿಯಿತು. ಬಿಟ್ಟುಬಿಡಬಹುದಿತ್ತಲ್ಲ ಎಂದರೆ, ಅದೂ ಆಗಲಿಲ್ಲ. ಹುಟ್ಟಿ ಬೆಳೆದ ಬೀದಿಯನ್ನು ಯಾರೋ ಕೆಡವಿ ಕಾಂಕ್ರೀಟ್ ಸುರಿದರೆ ಜನ ದಿನಾ ಹೋಗಿ ನೋಡಿ ಬೈದು ಬರುತ್ತಾರಲ್ಲ, ಹಾಗೆ ಅವಳು ದಿನಾ ಒಳಗೆ ಹೋಗುತ್ತಿದ್ದಳು. ತಾನೇ ಓಡುವ, ತಾನೇ ಹೊಡೆಯುವ ಆಟಗಾರರ ತಲೆಯ ಮೇಲೆ ತಿರುಗುವ ಸಣ್ಣ ಚಕ್ರವೊಂದು ಕಾಣುತ್ತದೆ. ಆ ಚಕ್ರ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಶ್ರಾವಣದ ಒಂದು ಭಾನುವಾರ ಮಿಷನ್ನು ಅವಳನ್ನು ನಾಲ್ವರ ಜೊತೆ ಒಂದು ಗುಹೆಗೆ ಕಳಿಸಿತು. ಅವರಲ್ಲೊಬ್ಬನ ಹೆಸರು ‘ಎಡಚ’, ತಲೆಯ ಮೇಲೆ ಚಕ್ರ. ಮೊದಲ ಹೊಡೆದಾಟ ಮುಗಿಯಿತು, ಎಲ್ಲರೂ ಮುಂದೆ ಓಡಿದರು. ಎಡಚ ಗೋಡೆಗೆ ಮುಖ ಮಾಡಿ ನಿಂತೇ ನಿಂತ. ಅರ್ಧ ನಿಮಿಷವಾಯಿತು. ಒಂದು ನಿಮಿಷ. ಮುಂದಿನ ಕೊಠಡಿಯಲ್ಲಿ ದೈತ್ಯ ಎದ್ದ, ನಾಲ್ವರೇ ಹೊಡೆದು ಹೊಡೆದು ಸತ್ತರು. ಪರದೆಯ ಮೇಲೆ ವೋಟು ಬಂತು: ಎಡಚನನ್ನು ಹೊರಹಾಕಬೇಕೆ?

ಶಾಂಭವಿ ಕೆಂಪು ಬಟನ್ ಒತ್ತಿದಳು. ಸಂಕಟದಿಂದಲ್ಲ, ಹಲ್ಲು ಕಚ್ಚಿಕೊಂಡು, ಸಂತೋಷವಾಗಿ.

ಅವತ್ತೇ ಸಂಜೆ ಒಂದು ವಿಡಿಯೋ ಮಾಡಿ ಹಾಕಿದಳು. ಹದಿನಾಲ್ಕು ನಿಮಿಷ ಬೈಗುಳ. ಹಳೆಯ ಆಟ ಏನಿತ್ತು, ಹೊಸದು ಏನಾಗಿದೆ ಎಂದು ಒಂದೊಂದಾಗಿ ಬಿಡಿಸಿದಳು. ಅದರಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಇತ್ತು. ಆದರೆ ಕೊನೆಗೆ ಗೋಡೆಯ ಮುಂದೆ ನಿಂತ ಎಡಚನ ಚಿತ್ರ ತೋರಿಸಿ ನಕ್ಕಳು: “ಎಡಚ ಅಂತೆ! ಎಡವಟ್ಟ ಅಂತ ಇಟ್ಕೋಬೇಕಿತ್ತು. ಕೈಲಾಗ್ದೋರಿಗೆ ಮಾಡಿರೋ ಆಟ ಕಣ್ರೀ ಇದು. ಕೈಲಾಗ್ದೋರು ಮನೇಲಿರಿ, ಬರಬ್ಯಾಡಿ.”

ವಿಡಿಯೋವನ್ನು ಹನ್ನೊಂದು ಸಾವಿರ ಜನ ನೋಡಿದರು. ಶಾಂಭವಿ ಎರಡು ದಿನ ಬೀಗಿದಳು.

ಮೂರನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಹೇಂದ್ರ ಅಂಗಡಿಗೆ ಬಂದ. ಆದಾಯ ಪ್ರಮಾಣಪತ್ರಕ್ಕೆ ಕಾಯುತ್ತಿದ್ದ ಇಬ್ಬರು ಹೆಂಗಸರು ಬೆಂಚಿನ ಮೇಲಿದ್ದರು. ಬೈಕ್ ಓಡಿಸಲಾಗದೆ ಎರಡು ಬಸ್ಸು ಬದಲಿಸಿ ಬಂದಿದ್ದ. ಶಾಂಭವಿಯ ಮುಖ ಅರಳಿತು.

“ಬಾರೋ ಮಹೇಂದ್ರ! ಎಷ್ಟ್ ವರ್ಷ ಆಯ್ತೋ! ಕೂತ್ಕೊ, ಟೀ ತರಿಸ್ತೀನಿ.”

“ಟೀ ಬ್ಯಾಡ,” ಎಂದ. ಕೂರಲಿಲ್ಲ. “ಅಕ್ಕ, ಆ ವಿಡಿಯೋದಲ್ಲಿ ಗೋಡೆ ಮುಂದೆ ನಿಂತಿದ್ನಲ್ಲ ಎಡಚ, ಅದು ನಾನೇ ಕಣಕ್ಕ.”

ಶಾಂಭವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಾಯಿಗೆ ಬಂದದ್ದು ಕ್ಷಮೆಯಲ್ಲ, ಜಗಳ. “ಹಂಗಾದ್ರೆ ಯಾಕ್ ಹೇಳ್ಲಿಲ್ಲ ನೀನು? ಆಡ್ತಿದೀನಿ ಅಂತ ಒಂದ್ ಮಾತು ಹೇಳೋಕ್ಕೇನಾಗಿತ್ತು?”

“ಏನಂತ ಹೇಳ್ಲಿ? ಹೊಸ ಆಟನ ಬೈಯ್ತಾ ಕೂತಿದೀಯ ಅಂತ ಜಾರಕ್ಕ ಹೇಳ್ತು. ಇದ್ರಲ್ಲಿ ಅದು ತಾನೇ ಹೊಡೀತದೆ, ನಂಗೆ ಎಡಗೈ ಒಂದೇ ಸಾಕು. ನಾಕು ವರ್ಷ ಆದ್ಮೇಲೆ ಒಳಗೆ ಬಂದಿದ್ದೆ.” ಅವನ ದನಿ ಏರಿತು. ಬೆಂಚಿನ ಮೇಲಿದ್ದ ಹೆಂಗಸರು ತಲೆ ತಗ್ಗಿಸಿದರು. “ಗುಹೆ ಒಳಗೆ ನಿನ್ನ ಹೆಸರು ನೋಡ್ದೆ. ಮದ್ದಿನಕ್ಕ ಅಂತ. ಮೈಯೆಲ್ಲ ಜುಮ್ ಅಂತು. ಓಡೋದ್ನ ನಿಲ್ಸಿ, ‘ಅಕ್ಕ, ನಾನು ಮಹೇಂದ್ರ’ ಅಂತ ಟೈಪ್ ಮಾಡ್ತಾ ನಿಂತ್ಕಂಡೆ. ಒಂದೇ ಕೈಲಿ ಹೊತ್ತಾಯ್ತದೆ ಅಕ್ಕ. ಕಳಿಸೋ ಅಷ್ಟ್ರಲ್ಲಿ ಆಚೆಗೆ ಹಾಕ್ಬುಟ್ರಿ. ಒಂದೇ ಒಂದು ವೋಟು ಕಮ್ಮಿ ಬಿದ್ದಿದ್ರೆ ನಾನು ಉಳೀತಿದ್ದೆ. ನಿಜ ಹೇಳು, ನೀನೂ ಒತ್ತಿದ್ಯಾ?”

“ಒತ್ತಿದೆ,” ಎಂದಳು ಶಾಂಭವಿ.

“ಸರಿ ಬುಡು.”

ಅವನು ಮೆಟ್ಟಿಲಿಳಿದು ಹೊರಟೇಬಿಟ್ಟ. ಕರೆದರೂ ತಿರುಗಲಿಲ್ಲ. ಶಾಂಭವಿ ಆ ಹೆಂಗಸರ ಅರ್ಜಿಯಲ್ಲಿ ಊರಿನ ಹೆಸರನ್ನು ಎರಡು ಸಲ ತಪ್ಪಾಗಿ ಹೊಡೆದಳು, ಆಮೇಲೆ ಸರ್ವರ್ ಇಲ್ಲ ಎಂದು ಸುಳ್ಳು ಹೇಳಿ ಕಳಿಸಿ ಶಟರ್ ಎಳೆದಳು.

ಒಳಗೆ ಕೂತವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಮೊದಲು ಮಹೇಂದ್ರನ ಮೇಲೆ, ಆಮೇಲೆ ಕಂಪನಿಯ ಮೇಲೆ, ಕಡೆಗೆ ಬೇರೆ ಯಾರೂ ಸಿಗದೆ ತನ್ನ ಮೇಲೆಯೇ. ಹಳೆಯ ಆಟದಲ್ಲಿ ನಿಂತವನನ್ನು ಕಂಡರೆ ಅವಳು ಹತ್ತಿರ ಹೋಗಿ, ‘ಏನಾಯ್ತಪ್ಪಾ’ ಎಂದು ಕೇಳುತ್ತಿದ್ದಳು. ಇಲ್ಲಿ ಕೇಳುವ ಮುಂಚೆ ಬಟನ್ ಕೈಗೆ ಕೊಟ್ಟಿದ್ದರು, ಅವಳು ಒತ್ತಿದ್ದಳು. ಕೊಟ್ಟವರದು ಎಷ್ಟು ತಪ್ಪೋ ಒತ್ತಿದವಳದೂ ಅಷ್ಟೇ. ಜಾರಾಳಿಗೆ ಫೋನ್ ಮಾಡಿ ಇದನ್ನೇ ಹೇಳಿದಾಗ ಅವಳು ಸಮಾಧಾನ ಮಾಡಲು ಹೋಗಲಿಲ್ಲ.

“ನಿಂಗೆ ಅಪ್ಪನ ಸೈಬರ್ ಇತ್ತು ಶಾಂಭವಿ. ದಿನಕ್ಕೆ ಆರು ಗಂಟೆ ಕೂತೆ. ನಾನು ಲೈಬ್ರರಿಗೆ ಅಂತ ಮನೇಲಿ ಸುಳ್ಳು ಹೇಳಿ ನಮ್ಮೂರ ಸೈಬರಿಗೆ ಹೋಯ್ತಿದ್ದೆ. ಸತ್ತ ಜಾಗಕ್ಕೆ ನಡ್ಕೊಂಡು ಹೋಗೋಷ್ಟ್ರಲ್ಲಿ ಟೈಮ್ ಮುಗ್ದು ಎಷ್ಟ್ ಸಲ ಸಾಮಾನು ಬಿಟ್ಟು ಎದ್ದೋಗಿದೀನಿ ಗೊತ್ತಾ? ದೋಣಿಕಟ್ಟೆ ಚೆನ್ನಾಗಿತ್ತು. ಎಲ್ಲಾ ಚೆನ್ನಾಗಿರ್ಲಿಲ್ಲ.”

“ಹಂಗಂತ ಈ ವೋಟು ಸರಿನಾ?”

“ಅದು ಸರಿ ಅಂತ ಯಾರಂದ್ರು? ಅದ್ನ ಬೈಯಿ. ಅವನ ಕೈನ ಯಾಕ್ ಬೈದೆ?”

ಮಾರನೆಯ ದಿನ ಶಾಂಭವಿ ಆ ವಿಡಿಯೋ ತೆಗೆದು ಇನ್ನೊಂದು ಹಾಕಿದಳು. ಎಡಚ ಯಾರು ಎಂದು ಹೇಳಲಿಲ್ಲ. ಅವನ ಕೈಯ ವಿಷಯ ಅವನದು. ತಾನು ಮಾಡಿದ್ದನ್ನಷ್ಟೇ ಹೇಳಿದಳು: ನಿಂತವನನ್ನು ಒಂದು ಮಾತೂ ಕೇಳದೆ ಹೊರಗೆ ಹಾಕಿದೆ, ಮೇಲೆ ನಕ್ಕೆ, ತಪ್ಪು. ತಾನೇ ಹೊಡೆಯುವ ಬಟನ್ ಇರಲಿ, ಬೇಕಾದವರಿಗೆ ಬೇಕು. ಆದರೆ ಕಾಯುವ ಜಾಗಗಳನ್ನು ಕಿತ್ತುಹಾಕಿ, ಮಾತಿಗೆ ಎಡೆಯಿಲ್ಲದಂತೆ ಮಾಡಿ, ಜನರ ಕೈಗೆ ಜನರನ್ನು ದಬ್ಬುವ ಬಟನ್ ಕೊಟ್ಟವರನ್ನು ತಾನು ಬಿಡುವುದಿಲ್ಲ. ಇದನ್ನು ನೋಡಿದವರು ಒಂಬೈನೂರು ಜನ. ಕೆಳಗೆ, ‘ಹಳೇದೇ ಚೆನ್ನಾಗಿತ್ತು ಮೇಡಂ, ಬೈಗುಳ ಹಾಕಿ’ ಎಂದು ಬರೆದಿದ್ದರು.

ಕಂಪನಿಗೆ ನಾಲ್ಕು ಪುಟದ ಪತ್ರ ಬರೆದಳು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಎರಡು ಸಾಲು ಬಂತು. ಮತ್ತೆ ಬರೆದಳು, ಅದೇ ಎರಡು ಸಾಲು ಬಂತು. ಆರು ಸಲ ಬರೆದಿದ್ದಾಳೆ, ಕೆಂಪು ಬಟನ್ ಇನ್ನೂ ಅಲ್ಲೇ ಇದೆ.

ಕೂಟಗಲ್ಲಿಗೆ ಅವಳು ಹೋದದ್ದು ಮಹಾಲಯ ಅಮಾವಾಸ್ಯೆ ಕಳೆದ ಮೇಲೆ. ಮಹೇಂದ್ರ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕೂತಿದ್ದ. ಅವಳು ಬದುವಿನ ಮೇಲೆ ನಿಂತೇ ಹೇಳಿದಳು: “ತಪ್ಪಾಯ್ತು ಕಣೋ. ನೀನು ಬೈಯಿ, ಎಷ್ಟಾದ್ರೂ ಬೈಯಿ. ಆದ್ರೆ ‘ಸರಿ ಬುಡು’ ಅಂತ ಮಾತ್ರ ಅನ್ನಬ್ಯಾಡ.”

ಮಹೇಂದ್ರ ಬೈದ. ಅರ್ಧ ಗಂಟೆ ಚೆನ್ನಾಗಿಯೇ ಬೈದ. ಆಸ್ಪತ್ರೆಗೆ ಬಂದು ಧೈರ್ಯ ಹೇಳಿ ಹೋದವಳು, ಇನ್ನು ಆಡೋದು ಹೆಂಗೆ ಅಂತ ಒಂದು ದಿನವಾದರೂ ಕೇಳಿದೆಯಾ ಎಂದ. ಅವಳು ಕೇಳಿರಲಿಲ್ಲ.

ಈಗ ಭಾನುವಾರ ಮಧ್ಯಾಹ್ನ ಮೂವರೂ ಒಟ್ಟಿಗೆ ಆಡುತ್ತಾರೆ, ಫೋನಿನಲ್ಲಿ ಮಾತಾಡುತ್ತಾ. ಬೇರೆ ಇಬ್ಬರನ್ನು ಮಿಷನ್ನು ತಂದು ಸೇರಿಸುತ್ತದೆ. ವೋಟು ಬಂದಾಗ ಮೂವರೂ ಬೇಡ ಎನ್ನುತ್ತಾರೆ, ವೋಟು ಬಿದ್ದುಹೋಗುತ್ತದೆ. ಆದರೂ ಜಗಳ ನಿಂತಿಲ್ಲ. ಮುದುಕ ಮಾತಾಡಲು ಶುರುಮಾಡಿದರೆ ಮಹೇಂದ್ರ ದಾಟಿಸುವ ಬಟನ್ ಒತ್ತುತ್ತಾನೆ.

“ಲೋ, ಓದಕ್ಕೆ ಬುಡೋ! ಆ ಮುದುಕ ಏನೋ ಹೇಳ್ತಾವ್ನೆ!”

“ಅವನು ಮೂರು ತಿಂಗಳಿಂದ ಅದನ್ನೇ ಹೇಳ್ತಾವ್ನೆ ಅಕ್ಕ. ನೀನು ಓದ್ತಾ ಇರು, ನಾನು ಒಸಿ ಮುದ್ದೆ ಉಂಡ್ಕಂಡು ಬತ್ತೀನಿ.”