ಐದು ಅಂಗಿಗಳ ಕೌದಿ, ಕ್ಲೆಮೆಂಟಿಯವರೆಗೆ

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸೆರಂಗೂನಿನ ನಮ್ಮ ಫ್ಲ್ಯಾಟಿನಿಂದ ಹೊರಟಾಗ ನಮ್ಮ ಬಳಿ ಇದ್ದದ್ದು ಒಂದು ಕೌದಿ ಮತ್ತು ಒಂದು ಭಯ. ಮೂರು ಕಿಲೋ ತೂಕದ ಕೌದಿಯನ್ನು ಮನೆಯವರು ಹೊತ್ತರು, ಭಯ ನನ್ನ ಪಾಲಿಗೆ ಬಂತು. ಸಿಂಗಾಪುರಕ್ಕೆ ಐವತ್ತು ತುಂಬುವ ವರ್ಷ ಅದು. ಬಸ್ಸಿನಿಂದ ಹಿಡಿದು ಬ್ರೆಡ್ಡಿನ ಪೊಟ್ಟಣದವರೆಗೆ ಎಲ್ಲದರ ಮೇಲೂ ಐವತ್ತರ ಗುರುತು.

ಕೌದಿ ಹೋಗಬೇಕಾದದ್ದು ಕ್ಲೆಮೆಂಟಿಯಲ್ಲಿ ಅಂದು ಶುರುವಾಗಲಿದ್ದ ಪಾರ್ಕ್ ಅಂಕಲ್ ಅವರ ಚಿಕನ್ ಅಂಗಡಿಗೆ. ಅವರು ಕೊರಿಯಾದವರು. ಹಡಗು ರಿಪೇರಿಯ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು, ಹೋದ ವರ್ಷದವರೆಗೂ ನಮ್ಮ ಬ್ಲಾಕಿನಲ್ಲೇ ಇದ್ದವರು. ಕಿಟಕಿಯಾಚೆ ಬಿದಿರು ಕೋಲಿನ ಮೇಲೆ ಒಣಗುತ್ತಿದ್ದ ನನ್ನ ಕೌದಿಗಳನ್ನು ಹೊಗಳಿದ ಒಬ್ಬರೇ ಗಂಡಸು. ತಿಂಗಳ ಹಿಂದೆ ಒಂದು ಚೀಲ ತಂದುಕೊಟ್ಟಿದ್ದರು. ಒಳಗೆ ಐದು ಹಳೆ ಬೇಸ್‌ಬಾಲ್ ಅಂಗಿಗಳು. “ಓಲ್ಡ್ ಆಲ್ರೆಡಿ. ಯು ಮೇಕ್ ನೈಸ್. ಐ ಪುಟ್ ಇನ್ ಶಾಪ್” ಅಂದರು.

ಗದಗಿನ ಹೆಂಗಸಿನ ಕೈಗೆ ಹಳೆ ಬಟ್ಟೆಯ ಚೀಲ ಕೊಟ್ಟು ಚಂದ ಮಾಡು ಅಂದರೆ ಅದಕ್ಕೆ ಒಂದೇ ಅರ್ಥ. ಐದಕ್ಕೂ ಕತ್ತರಿ ಹಾಕಿ, ಪದರದ ಮೇಲೆ ಪದರ ಇಟ್ಟು, ಉಬಿಯಲ್ಲಿರುವ ನನ್ನ ಆಫೀಸಿನಿಂದ ಬಂದ ಮೇಲೆ ದಿನಾ ಸಂಜೆ ಕೂತು ಹೊಲಿದೆ. ಹೊರಡುವ ಹಿಂದಿನ ಸಂಜೆ ಅಂಕಲ್ ಒಂದು ಫೋಟೋ ಕಳಿಸಿದರು. ಅಂಗಡಿಯ ಬಿಳಿ ಗೋಡೆ, ಸಾಲಾಗಿ ಐದು ಮೊಳೆ. ಕೆಳಗೆ ಬರೆದಿದ್ದರು: ‘ಐದು ಮೊಳೆ, ಐದು ಅಂಗಿ. ಇದೇ ನಮ್ಮ ತಂಡದ ಹಿಸ್ಟರಿ.’

ಅವರಿಗೆ ಬೇಕಿದ್ದದ್ದು ನೇತುಹಾಕಲು ಇಡೀ ಅಂಗಿಗಳು ಎಂದು ಆಗ ತಿಳಿಯಿತು, ಫೋನನ್ನು ಮನೆಯವರ ಮುಂದೆ ಹಿಡಿದೆ.

“ಕತ್ತರಿ ಹಾಕು ಅಂದಿದ್ರೇನು ಅಂವ್ರು?” ಮನೆಯವರು ಕೇಳಿದರು.

“ಚಂದ ಮಾಡು ಅಂದಿದ್ರು.”

“ಹರದದ್ದನ್ನ ಹೊಲಿ ಅಂದಿರ್ತಾರ. ಹೊಲದದ್ದನ್ನ ಹರಿ ಅಂತಲ್ಲ.”

ರಾತ್ರಿ ಇಬ್ಬರಿಗೂ ನಿದ್ದೆ ಹತ್ತಲಿಲ್ಲ.

ಸೆರಂಗೂನಿನಲ್ಲಿ ಸರ್ಕಲ್ ಲೈನ್ ರೈಲು ಹತ್ತಿದೆವು. ಬ್ವೋನಾ ವಿಸ್ಟಾದಲ್ಲಿ ಬದಲಾಯಿಸಿ ಇನ್ನೆರಡು ಸ್ಟೇಷನ್ ಹೋದರೆ ಕ್ಲೆಮೆಂಟಿ. ಮುಕ್ಕಾಲು ಗಂಟೆ ಹಾದಿ, ಒಬ್ಬರಿಗೆ ಎರಡು ಡಾಲರೂ ಆಗುವುದಿಲ್ಲ. ಬಿಷನ್‌ನಲ್ಲಿ ಹತ್ತಿದ ಒಬ್ಬರು ಚೀನೀ ಆಂಟಿ ಚೀಲದೊಳಗೆ ಇಣುಕಿ, “ಬ್ಲಾಂಕೆಟ್ ಆ? ಸೋ ಹಾಟ್, ಫಾರ್ ವಾಟ್?” ಎಂದರು. ಏಸಿಗೆ ಅಂತ ಏನೋ ಒಂದು ಹೇಳಿದೆ.

ಅಲ್ಲಿಂದ ಮುಂದೆ ಕೌದಿಯ ಒಂದೊಂದು ತುಂಡನ್ನೂ ಮುಟ್ಟುತ್ತಾ, ಬ್ಲಾಕಿನ ಕೆಳಗಿನ ಖಾಲಿ ಅಂಗಳ, ಇಲ್ಲಿಯವರ ವಾಯ್ಡ್ ಡೆಕ್‌ನ ಬೆಂಚಿನಲ್ಲಿ ಅಂಕಲ್ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಆಗ ಅರ್ಧ ಕಿವಿಯಲ್ಲಿ ಕೇಳಿದ್ದೆ. ಅವರದು ಒಂದು ಬಂದರು ಊರು. ಎಂಬತ್ತರ ದಶಕದಲ್ಲಿ ಅಲ್ಲಿ ವೃತ್ತಿಪರ ಬೇಸ್‌ಬಾಲ್ ಶುರುವಾದಾಗ ಊರಿಗೊಂದು ತಂಡ ಬಂತು. ಆಡಿದ್ದೆಲ್ಲ ಸೋಲು. ಸಾಕಿದ ಕಂಪನಿ ಸೋತು ಸುಣ್ಣವಾಗಿ ತಂಡವನ್ನು ಮಾರಿತು. ಕೊಂಡವರು ಹೆಸರು ಬದಲಿಸಿದರು, ಅವರೂ ಮಾರಿದರು. ಮೂರನೆಯವರು ಮತ್ತೊಂದು ಹೆಸರಿಟ್ಟರು. ನಾಲ್ಕನೆಯ ದೊಡ್ಡ ಕಂಪನಿ ಬಂದ ಮೇಲೆ ತಂಡ ಕೊನೆಗೂ ಚಾಂಪಿಯನ್ ಆಯಿತು, ಆಮೇಲೆ ಊರನ್ನೇ ಬಿಟ್ಟುಹೋಯಿತು. ಖಾಲಿ ಊರಿಗೆ ಐದನೆಯ ಕಂಪನಿ ಹೊಸ ತಂಡ ತಂದಿತು. ದಾಖಲೆ ಪುಸ್ತಕದ ಪ್ರಕಾರ ಇದಕ್ಕೂ ಹಿಂದಿನವಕ್ಕೂ ಸಂಬಂಧವಿಲ್ಲ. ಅಂಕಲ್ ಒಪ್ಪುವುದಿಲ್ಲ. ಊರು ಅದೇ, ಕೂಗುವ ಜನ ಅವರೇ, ಹಾಗಾದರೆ ತಂಡವೂ ಅದೇ ಅನ್ನುತ್ತಾರೆ. ಐದು ಹೆಸರಿಗೆ ಐದು ಅಂಗಿ.

ಹಾಲೆಂಡ್ ವಿಲೇಜ್ ಸ್ಟೇಷನ್ ಹೊತ್ತಿಗೆ ನನಗೆ ಇನ್ನೊಂದು ಹೊಳೆಯಿತು. ಕೌದಿಗೆ ಗಟ್ಟಿ ಬಟ್ಟೆ ಹೊರಗೆ, ಸವೆದು ಮೆತ್ತಗಾದದ್ದು ಒಳಗೆ. ನಮ್ಮವ್ವ ಕಲಿಸಿದ್ದೇ ಹಾಗೆ. ಮೊದಲನೆಯ ತಂಡದ ಅಂಗಿ ಜಾಳುಜಾಳಾಗಿತ್ತು. ಅದನ್ನು ಇಡಿಯಾಗಿ ಹೊಟ್ಟೆಯೊಳಗೆ ಹಾಕಿ ಹೊಲಿದುಬಿಟ್ಟಿದ್ದೆ. ಕಣ್ಣಿಗೆ ಕಾಣುವುದು ನಾಲ್ಕೇ.

“ಇಳದು ವಾಪಸ್ ಹೋಗೂಣೇನ್ರೀ?”

“ಹೋಗಿ ಏನ್ ಮಾಡ್ತಿ? ಅಂಗಿ ಮತ್ತ ಹುಟ್ಟತಾವೇನು? ನಡಿ, ಸಾರಿ ಅನ್ನೂಣು.”

ಕ್ಲೆಮೆಂಟಿಯಲ್ಲಿ ಇಳಿದಾಗ ಮಳೆ ಧೋ ಎನ್ನುತ್ತಿತ್ತು. ಬ್ಲಾಕುಗಳ ಕೆಳಗೇ ನಡೆದು, ಕೌದಿ ಒದ್ದೆಯಾಗದಂತೆ ಅಂಗಡಿ ಮುಟ್ಟಿದೆವು. ಒಳಗೆ ಆರು ಮೇಜು, ಮೈ ಕೊರೆಯುವ ಏಸಿ, ಗೋಡೆಗೊಂದು ದೊಡ್ಡ ಟೀವಿ. ಅಂಕಲ್ ಊರಿನ ನಾಲ್ವರು ಮುದುಕರು ಆಗಲೇ ಬಿಯರ್ ಹಿಡಿದು ಕೂತಿದ್ದರು. ಅವರ ತಂಡದ ಮ್ಯಾಚು ಸಿಂಗಾಪುರದ ಒಂದು ಗಂಟೆಗೆ. ಐದು ಮೊಳೆಗಳು ನನ್ನನ್ನೇ ನೋಡುತ್ತಿದ್ದವು.

ನಾನು ಮೊದಲು ಕ್ಷಮೆ ಕೇಳಿ ಆಮೇಲೆ ಕೌದಿ ಬಿಚ್ಚಿದೆ. ಅಂಕಲ್ ಬಗ್ಗಿ ಒಂದೊಂದು ತುಂಡನ್ನೂ ಬೆರಳಿಟ್ಟು ನೋಡಿದರು. ಎರಡು, ಮೂರು, ನಾಲ್ಕು, ಐದು. ತಲೆಯೆತ್ತಿ, “ನಂಬರ್ ಒನ್ ವೇರ್?” ಎಂದರು.

ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅಂಕಲ್, ಅದು ಒಳಗಿದೆ. ನಮ್ಮೂರಲ್ಲಿ ಎಲ್ಲಕ್ಕಿಂತ ಹಳೆಯದನ್ನು ಒಳಗೆ ಹಾಕುತ್ತೇವೆ. ಮಿಕ್ಕದ್ದೆಲ್ಲ ಅದರ ಮೇಲೇ ನಿಲ್ಲುತ್ತದೆ. ಅದಿಲ್ಲದಿದ್ದರೆ ಕೌದಿ ಬೆಚ್ಚಗಿರುವುದಿಲ್ಲ.

ಅವರು ಅಂಗೈಯಿಂದ ಕೌದಿಯ ನಡುವನ್ನು ಒತ್ತಿ ನೋಡಿದರು. ಆಮೇಲೆ ಗೆಳೆಯರ ಕಡೆ ತಿರುಗಿ ಕೊರಿಯನ್ನಿನಲ್ಲಿ ಏನೋ ಹೇಳಿದರು. ನಾಲ್ವರೂ ಮೇಜು ಕುಟ್ಟಿ ನಗತೊಡಗಿದರು. ನನಗೆ ಅರ್ಥವಾಗಲೆಂದು ಅಂಕಲ್ ಮತ್ತೊಮ್ಮೆ ಹೇಳಿದರು: “ಕರೆಕ್ಟ್ ಲಾ! ದಟ್ ಟೀಮ್ ನೋಬಡಿ ವಾಂಟ್ ಟು ಸೀ. ಬಟ್ ಎವ್ರಿಬಡಿ ಸಿಟ್ ಆನ್ ಟಾಪ್!”

ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಹೋದ ಜೀವ ಬಂತು, ಅಲ್ಲೇ ಒಂದು ಕುರ್ಚಿ ಎಳೆದು ಕೂತೆ. ಚಿಕನ್ ಮುಟ್ಟದ ನಮಗೆ ಕರಿದ ಗೆಣಸು, ಹುಳಿಸಿಹಿ ಮೂಲಂಗಿಯ ತುಂಡು ಬಂದವು. ಮನೆಯವರು ಮೂರು ತಟ್ಟೆ ಮೂಲಂಗಿ ತಿಂದರು. ಕೌದಿ ಗೋಡೆಗೆ ಹೋಗಲಿಲ್ಲ. ಅಂಕಲ್ ಅದನ್ನು ಮೊಣಕಾಲ ಮೇಲೆ ಹೊದ್ದುಕೊಂಡರು, ಆಚೀಚೆ ಕೂತವರು ಅಂಚು ಎಳೆದುಕೊಂಡರು. ಮೊಳೆಗಳಿಗೆ ಗಿರಾಕಿಗಳ ಛತ್ರಿಗಳು ಬಂದವು. ಮ್ಯಾಚು ಮುಗಿಯುವ ಮೊದಲೇ ನಾವು ಎದ್ದೆವು. ಅವರ ತಂಡ ಸೋಲುತ್ತಿತ್ತು, ಬಾಗಿಲಿನಿಂದ ತಿರುಗಿ ನೋಡಿದರೆ ಯಾರ ಮುಖದಲ್ಲೂ ಸೋಲಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಇಬ್ಬರಿಗೂ ಎಂಥ ನಿದ್ದೆ ಹತ್ತಿತೆಂದರೆ, ಕಣ್ಣು ಬಿಟ್ಟಾಗ ಸೆರಂಗೂನ್ ದಾಟಿ, ಮನೆಯವರು ದಿನಾ ಕೆಲಸಕ್ಕೆ ಇಳಿಯುವ ಪಾಯಾ ಲೆಬಾರ್.

“ಶನಿವಾರನೂ ನನ್ನ ಆಫೀಸಿಗೇ ಕರ್ಕೊಂಡ್ ಬಂದ್ಯಲ್ಲ,” ಎಂದು ಮನೆಯವರು ಖಾಲಿ ಚೀಲ ಮಡಚಿದರು.

ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ನನ್ನ ಫೋನಿಗೆ ಅಂಕಲ್ ಮೆಸೇಜ್ ಬಂತು: ‘ಟೀಮ್ ಲೂಸ್ ಆಲ್ರೆಡಿ. ಬಟ್ ವಾರ್ಮ್.’