ಮೆಕ್ಯಾನಿಕ್ ಬಿಟ್ಟುಕೊಟ್ಟ ಸರದಿ

ಕೂಡ್ಲಿಗಿಯ ಸಣ್ಣದೊಂದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ನಾನು ಕೂರುತ್ತಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು ಎಲ್ಲೋ ದೂರದ ದೊಡ್ಡ ಸಹಕಾರಿ ಬ್ಯಾಂಕೊಂದು ಶೇರುಪೇಟೆಯಲ್ಲಿ ಕೈಸುಟ್ಟುಕೊಂಡು ಮುಳುಗಿತು. ಆಮೇಲೆ ಕಾನೂನು ಬಿಗಿಯಾಗಿ, ನಮ್ಮಂಥ ಚಿಲ್ಲರೆ ಬ್ಯಾಂಕಿಗೂ ತಪಾಸಣೆಯವರು ಬಂದರು. ಅಲ್ಲಿಯವರೆಗೆ ನಮ್ಮನ್ನು ಕೇಳುವವರೇ ಇರಲಿಲ್ಲ. ನಿರ್ದೇಶಕರು ತಮ್ಮ ಬೀಗರಿಗೆ ಸಾಲ ಕೊಡುತ್ತಿದ್ದರು, ಬೀಗರು ತೀರಿಸುತ್ತಿರಲಿಲ್ಲ, ನಾವು ಚಹಾ ಕುಡಿದು ಸುಮ್ಮನಿರುತ್ತಿದ್ದೆವು. ಬಂದ ಇಬ್ಬರು ಅಧಿಕಾರಿಗಳು ನಾಲ್ಕೇ ದಿನದಲ್ಲಿ ಎಲ್ಲವನ್ನೂ ಬಯಲಿಗೆಳೆದರು.

ಅವರು ಹೋದ ಮೇಲೆ ಮ್ಯಾನೇಜರು ನಮ್ಮನ್ನು ಒಳಗೆ ಕರೆದರು.

"ಇವತ್ತೋ ನಾಳಿಯೋ ಮ್ಯಾಲಿಂದ ಆದೇಶ ಬರತೈತಿ. ಬಂದ ಮ್ಯಾಲ ಯಾರಿಗೂ ಸಾವಿರ ರೂಪಾಯಿಗಿಂತ ಹೆಚ್ಚು ಕೊಡಂಗಿಲ್ಲ. ಅಲ್ಲೀತನಕ ಯಾರರ ಬಾಯಿ ಬಿಟ್ರಿ ಅಂದ್ರ ಊರಿಗೆ ಊರ ಬಂದು ಬಾಗಿಲಿಗೆ ನಿಂದ್ರತೈತಿ ನೋಡ್ರಿ."

ಅದು ನ್ಯಾಯವಾಗಿಯೇ ಇತ್ತು. ಮುಂಚೆ ಓಡಿಬಂದವನು ಎಲ್ಲವನ್ನೂ ಬಳಿದುಕೊಂಡು ಹೋಗಬಾರದು, ಉಳಿದದ್ದು ಎಲ್ಲರಿಗೂ ಸಿಗಬೇಕು. ನಾನು ತಲೆಯಾಡಿಸಿದೆ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ.

ಮರುದಿನ ಬ್ಯಾಂಕು ತೆರೆಯುತ್ತಿದ್ದಂತೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅವನಿಗಿಂತ ಮುಂದೆ, ಹೆದ್ದಾರಿ ಪಕ್ಕದ ಲಾರಿ ಮೆಕ್ಯಾನಿಕ್ ನಿಂತಿದ್ದ. ಅವನು ಹದಿನೈದು ವರ್ಷದಿಂದ ಬಾಡಿಗೆಗಿದ್ದ ಶೆಡ್ಡನ್ನು ಮಾಲೀಕ ಮಾರಲು ಹೊರಟಿದ್ದ. ಅವತ್ತು ಸಂಜೆಯೊಳಗೆ ಮುಂಗಡ ಕೊಟ್ಟರೆ ಶೆಡ್ಡು ಮೆಕ್ಯಾನಿಕ್‌ನದು, ಇಲ್ಲದಿದ್ದರೆ ಹರಪನಹಳ್ಳಿಯ ಯಾರದೋ ಪಾಲು. ಸ್ವಂತ ಶೆಡ್ಡಿನ ಖುಷಿಯನ್ನು ವಾರದಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದ. ನನಗೂ ಹೇಳಿದ್ದ.

ಅಪ್ಪನನ್ನು ಕಂಡದ್ದೇ ಅವನು ಪಕ್ಕಕ್ಕೆ ಸರಿದ.

"ಬರ್ರಿ ಯಜಮಾನ್ರ, ನೀವು ಮುಂದ ಬರ್ರಿ. ಹಿರೇರು ನಿಂದ್ರಬಾರದು."

ನಮ್ಮ ಕಡೆ ಹಿಟ್ಟಿನ ಗಿರಣಿಯಲ್ಲೂ ಹೀಗೇ, ತಲೆ ಬೆಳ್ಳಗಾದವರು ಸರದಿ ಕಾಯಬೇಕಿಲ್ಲ. ಅಪ್ಪ ನನ್ನ ಮುಖ ನೋಡಿದ. ನಾನು ಅವನು ಚಾಚಿದ ಹಣ ತೆಗೆಯುವ ಚೀಟಿ ನೋಡಿದೆ. "ಅಪ್ಪಾ, ನೀನು ಹಿಂದ ನಿಲ್ಲು" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಪ್ಪನ ಅಷ್ಟೂ ದುಡ್ಡು ಎಣಿಸಿ ಕೊಟ್ಟು ಮುಗಿಸುವಷ್ಟರಲ್ಲಿ ಆದೇಶದ ಫ್ಯಾಕ್ಸ್ ಬಂತು. ಮ್ಯಾನೇಜರು ಬಾಗಿಲಿಗೆ ನೋಟಿಸು ಅಂಟಿಸಿದರು.

"ಏನಾತ್ರಿ ಅಕ್ಕಾರ?" ಎಂದ ಮೆಕ್ಯಾನಿಕ್, ಪಾಸ್‌ಬುಕ್ ಚಾಚಿಕೊಂಡೇ.

ನಾನು ಅವನಿಗೆ ಸಾವಿರ ರೂಪಾಯಿ ಕೊಟ್ಟೆ.

ಆಸ್ಪತ್ರೆ, ಮದುವೆಯಂಥ ಕಷ್ಟಕ್ಕೆ ಹೆಚ್ಚು ಕೊಡಲು ಅರ್ಜಿ ಹಾಕಬಹುದಿತ್ತು. ಅವನ ಪರವಾಗಿ ನಾನೇ ಕೂತು ಬರೆದೆ, ಬಹಳ ದೊಡ್ಡ ಉಪಕಾರ ಮಾಡುವವಳ ಹಾಗೆ. ಶೆಡ್ಡು ಆ ಕಷ್ಟಗಳ ಪಟ್ಟಿಯಲ್ಲಿಲ್ಲ ಎಂದು ಉತ್ತರ ಬರುವ ಹೊತ್ತಿಗೆ ಶೆಡ್ಡು ಕೈತಪ್ಪಿತ್ತು. ಅವನು ಹೊಸಪೇಟೆಯಲ್ಲಿ ಇನ್ನೊಬ್ಬರ ಗ್ಯಾರೇಜಿಗೆ ಕೂಲಿಗೆ ಹೋಗತೊಡಗಿದ. ಅಪ್ಪ ಆ ದುಡ್ಡಿನಲ್ಲಿ ಮನೆಯ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದ. ಆ ಗೋಡೆ ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು, ಅಪ್ಪನ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಬ್ಯಾಂಕು ಮುಚ್ಚಿತು. ಠೇವಣಿಗೆ ಇದ್ದ ವಿಮೆಯ ಹಣ ಬಂತು. ಸಹಿ ಹಾಕಿಸಿಕೊಳ್ಳಲು ಅದೇ ಕೌಂಟರಿನಲ್ಲಿ ನನ್ನನ್ನೇ ಕೂರಿಸಿದರು. ಮೆಕ್ಯಾನಿಕ್ ಬಂದ, ಗಡ್ಡ ನರೆತಿತ್ತು. ಅವನ ಸರದಿ ಬಂದಾಗ ಹಿಂದೆ ಕೋಲೂರಿಕೊಂಡು ನಿಂತ ಅಜ್ಜಿಯೊಬ್ಬಳನ್ನು ನೋಡಿ ಪಕ್ಕಕ್ಕೆ ಸರಿದ.

"ಬ್ಯಾಡ್ರಿ! ಮೊದ್ಲು ನೀವ ಬರ್ರಿ," ಎಂದೆ ಅವನಿಗೆ. ದನಿ ನನಗರಿವಿಲ್ಲದೆ ಜೋರಾಗಿತ್ತು.

ಅವನು ಕಿಂಡಿಯ ಹತ್ತಿರ ಬಾಗಿ, ನನಗಷ್ಟೇ ಕೇಳುವಂತೆ ಮೆಲ್ಲಗೆ ಕೇಳಿದ:

"ಯಾಕ್ರಿ ಅಕ್ಕಾರ, ಇವತ್ತೂ ನಿಮಗ ಮೊದ್ಲ ಏನರ ಗೊತ್ತೈತೇನ್ರಿ?"

ಅವನು ಮತ್ತೆ ಪಕ್ಕಕ್ಕೆ ಸರಿದ, ಅಜ್ಜಿ ಮುಂದೆ ಬಂದಳು. ನಾನು ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿದೆ.